ಹಕ್ಕಿಗೆ ಹುಲಿ ಜಾಮೀನು

ಬಿಳಿಗಿರಿರಂಗನ ಬೆಟ್ಟಕ್ಕೆ ವೀಕೆಂಡ್ ಟ್ರಿಪ್ ಹೋಗಿ ಬಂದವರ ಹತ್ರ ಮಾತಾಡಿ ನೋಡಿ. ಮಂಜು, ದೇವಸ್ಥಾನ, ಕೆ. ಗುಡಿ ಸಫಾರಿ ಎಲ್ಲ ಮುಗಿದ ಮೇಲೆ ಒಂದು ವಾಕ್ಯ ಬಂದೇ ಬರುತ್ತೆ: 'ಅಲ್ಲಿ ಸೋಲಿಗರು ಕಾಡಿನೊಳಗೇ ಇದ್ದಾರೆ, ಆದ್ರೂ ಹುಲಿ ಜಾಸ್ತಿ ಆಗಿದೆ ಗೊತ್ತಾ?' ರೀಲ್‌ಗಳಲ್ಲಿ, ಡಾಕ್ಯುಮೆಂಟರಿಗಳಲ್ಲಿ, ಇಂಗ್ಲಿಷ್ ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಇದೇ ಮಾತು ಬೇರೆ ಬೇರೆ ಬಟ್ಟೆ ಹಾಕ್ಕೊಂಡು ಓಡಾಡ್ತಾ ಇರುತ್ತೆ.

ನಾನು ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವಿನ ಹಳ್ಳಿಯವನು. ನಮ್ಮ ಗದ್ದೆ ಬದುವಿನ ಮೇಲೆ ನಿಂತ್ರೆ ಬೆಟ್ಟ ಕಾಣುತ್ತೆ. ಹೈಸ್ಕೂಲಲ್ಲಿ ನನ್ನ ಜೊತೆ ಓದಿದ ಸೋಲಿಗರ ಹುಡುಗ ಈಗ ಪೋಡಿನಲ್ಲೇ ಇದ್ದಾನೆ, ಊರಿಗೆ ಹೋದಾಗ ಸಿಗ್ತಾನೆ. ಹಾಗಾಗಿ ಈ ವಾಕ್ಯ ಕೇಳಿದಾಗ ಮೊದಮೊದಲು ನನಗೂ ಖುಷಿ ಆಗ್ತಿತ್ತು. ನಮ್ಮ ಕಡೆಯವರ ಬಗ್ಗೆ ಬೆಂಗಳೂರಿನವರು ಒಳ್ಳೇ ಮಾತಾಡ್ತಾರಲ್ಲ ಅಂತ. ಈಗ ಅದೇ ವಾಕ್ಯದ ಮೇಲೆ ಒಂದು ತಕರಾರು ಎತ್ತಬೇಕು ಅನ್ನಿಸ್ತಿದೆ. ಅದು ಸುಳ್ಳು ಅಂತಲ್ಲ. ಒಂದು ಸಮುದಾಯದ ಹಕ್ಕಿನ ಪರವಾಗಿ ಆಡುವ ಮಾತಾಗಿ ಅದು ಎಷ್ಟು ಭಾರ ಹೊರಬಲ್ಲದು ಅನ್ನೋದು ನನ್ನ ಪ್ರಶ್ನೆ.

ಮೊದಲು ಹೊಗಳಿಬಿಡೋಣ. ಮೆಸೇಜ್ ಅಂತ ನೋಡಿದ್ರೆ ಇದು ತುಂಬಾ ಚೆನ್ನಾಗಿದೆ. ಚಿಕ್ಕದು. ಒಳಗೆ ಹುಲಿ ಇದೆ, ಹುಲಿ ಯಾರಿಗೆ ಇಷ್ಟ ಇಲ್ಲ? ಕೇಳುಗನಿಗೆ ಬೈಗುಳ ಇಲ್ಲ, ಪಾಪಪ್ರಜ್ಞೆಯ ಹೊರೆ ಇಲ್ಲ. ಸೋಲಿಗರೂ ಗೆದ್ದರು, ಹುಲಿಯೂ ಗೆದ್ದಿತು, ನೀವೂ ಖುಷಿಯಾಗಿ ಮನೆಗೆ ಹೋಗಿ. ನಮ್ಮ ಕಸುಬಿನಲ್ಲಿ ಒಂದು ಪೇಜಿನ ಎರಡು ರೂಪ ಮಾಡಿ ಅರ್ಧ ಜನಕ್ಕೆ ಇದು, ಅರ್ಧ ಜನಕ್ಕೆ ಅದು ತೋರಿಸಿ, ಯಾವುದಕ್ಕೆ ಕ್ಲಿಕ್ ಜಾಸ್ತಿ ಅಂತ ನೋಡ್ತೀವಿ. 'ಸೋಲಿಗರಿಗೆ ಅನ್ಯಾಯ ಆಗಿದೆ' ಅನ್ನೋದನ್ನೂ 'ಸೋಲಿಗರಿದ್ದಲ್ಲಿ ಹುಲಿ ಉಳಿಯುತ್ತೆ' ಅನ್ನೋದನ್ನೂ ಹಾಗೆ ಪರೀಕ್ಷೆಗೆ ಬಿಟ್ಟರೆ ಎರಡನೆಯದೇ ಗೆಲ್ಲುತ್ತೆ ಅಂತ ಬೆಟ್ ಕಟ್ಟಬಲ್ಲೆ.

ಆದರೆ ಕ್ಲಿಕ್ ಬಿದ್ದ ಮೇಲೆ ಕೈಗೆ ಬಂದದ್ದೇನು ಅನ್ನೋದನ್ನ ಆ ಪರೀಕ್ಷೆ ಹೇಳಲ್ಲ.

ಈ ವಾಕ್ಯ ಎಲ್ಲಿಂದ ಬಂತು ಅಂತ ಸ್ವಲ್ಪ ಹಿಂದೆ ಹೋಗಿ ನೋಡೋಣ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಯ್ತು. ಕಾಡಿನೊಳಗೆ ಜಾಗ ಬದಲಿಸ್ತಾ ಸಣ್ಣಪುಟ್ಟ ಬೇಸಾಯ ಮಾಡ್ತಿದ್ದ ಸೋಲಿಗರನ್ನು ಒಂದೊಂದು ಕಡೆ ಪೋಡು ಮಾಡಿ ಕೂರಿಸಲಾಯ್ತು. ಬೇಟೆ ನಿಂತಿತು, ಬೇಸಾಯದ ರೀತಿ ನಿಂತಿತು, ನೆಲಹುಲ್ಲಿಗೆ ಅವರು ಕಾಲಕಾಲಕ್ಕೆ ಇಡುತ್ತಿದ್ದ ತರಗು ಬೆಂಕಿ ನಿಂತಿತು. ಉಳಿದದ್ದು ಜೇನು, ನೆಲ್ಲಿಕಾಯಿ, ಪಾಚಿ ಇಂಥ ಕಿರು ಅರಣ್ಯ ಉತ್ಪನ್ನ. 2002ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಅದನ್ನ ಸಂಗ್ರಹಿಸಿ ಮಾರೋದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯ್ತು. ಹುಲಿ ಕಾಡು ಅಂದ್ರೆ ಜನ ಇರಬಾರದ ಕಾಡು ಅನ್ನೋದು ಆಗ ದೇಶದಲ್ಲಿ ಬಲವಾಗಿದ್ದ ನಂಬಿಕೆ. ಮತ್ತೆ ಎಬ್ಬಿಸ್ತಾರಾ ಅನ್ನೋ ಭಯ ಪೋಡುಗಳಲ್ಲಿ ಶುರುವಾಯ್ತು.

ಆ ಹೊತ್ತಲ್ಲಿ ಎದುರಿನವರು ಕೇಳ್ತಾ ಇದ್ದದ್ದು ಒಂದೇ ಪ್ರಶ್ನೆ: ನೀವಿದ್ರೆ ಹುಲಿ ಗತಿ ಏನು? ಅದಕ್ಕೆ ಸೋಲಿಗರೂ ಅವರ ಜೊತೆ ನಿಂತ ಸಂಶೋಧಕರೂ ಕೊಟ್ಟ ಉತ್ತರ: ನಾವು ಹುಲಿಯನ್ನ ಹುಲಿವೀರಪ್ಪ ಅಂತ ಪೂಜೆ ಮಾಡೋರು, ತಲೆತಲಾಂತರದಿಂದ ಜೊತೆಗಿದ್ದೀವಿ, ನಾವಿದ್ದಾಗಲೇ ಹುಲಿ ಇಲ್ಲಿ ಉಳಿದದ್ದು. ಮುಂದೆ ಅಂಕಿಯೂ ಸೇರಿಕೊಂಡಿತು. 2010ರಲ್ಲಿ 35 ಇದ್ದ ಹುಲಿ 2014ಕ್ಕೆ 68 ಆದವು ಅನ್ನೋ ಲೆಕ್ಕ ದೇಶ ವಿದೇಶದ ಲೇಖನಗಳಲ್ಲಿ ಸುತ್ತಾಡಿತು.

ಗಮನಿಸಿ, ಅದು ಉತ್ತರವಾಗಿತ್ತು. ನ್ಯಾಯವಾದ ಉತ್ತರ. ತಕರಾರು ಇರೋದು ಮುಂದೆ ಆದದ್ದರ ಬಗ್ಗೆ. ಪ್ರಶ್ನೆ ಮರೆತುಹೋಯ್ತು, ಉತ್ತರವೇ ಘೋಷಣೆಯಾಯ್ತು. ಸೋಲಿಗರು ಅಲ್ಲಿ ಯಾಕಿರಬೇಕು ಅಂದ್ರೆ ಹುಲಿಗೆ ಒಳ್ಳೇದು ಅನ್ನೋದೇ ಮೊದಲ ಕಾರಣವಾಗಿ, ಬಹಳ ಜನಕ್ಕೆ ಒಂದೇ ಕಾರಣವಾಗಿ ಉಳೀತು.

ಸಾಲ ತಗೊಂಡವರಿಗೆ ಜಾಮೀನು ಅಂದ್ರೇನು ಅಂತ ಹೇಳಬೇಕಾಗಿಲ್ಲ. ನನ್ನ ಮಾತಿನ ಮೇಲೆ ನಿಮಗೆ ನಂಬಿಕೆ ಇಲ್ಲದಿದ್ರೆ ಇನ್ನೊಬ್ಬ ಬಂದು ನನ್ನ ಪರ ಸಹಿ ಹಾಕ್ಬೇಕು. ಈ ವಾಕ್ಯದಲ್ಲಿ ಸೋಲಿಗರಿಗೆ ಜಾಮೀನು ನಿಂತಿರೋದು ಹುಲಿ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಹಕ್ಕು ಅನ್ನೋ ಪ್ರೋಗ್ರಾಮಿಗೆ ಹುಲಿ ಗಣತಿ ಅನ್ನೋ ಒಂದು ಡಿಪೆಂಡೆನ್ಸಿ ಹಾಕಿಬಿಟ್ಟಿದ್ದೀವಿ. ಆ ಲೈಬ್ರರಿಯನ್ನ ಮೇಂಟೇನ್ ಮಾಡೋದು ಬೇರೆಯವರು. ಅದರ ಮುಂದಿನ ವರ್ಷನ್‌ನಲ್ಲಿ ಏನು ಬರುತ್ತೆ ಅನ್ನೋದು ಸೋಲಿಗರ ಕೈಲಿಲ್ಲ.

ಮುಂದಿನ ವರ್ಷನ್ ಬಂತು ಕೂಡ. ರಾಷ್ಟ್ರೀಯ ಹುಲಿ ಗಣತಿಯಲ್ಲಿ ಬಿಆರ್‌ಟಿಯೊಳಗಿನ ಹುಲಿಗಳ ಅಂದಾಜು 2018ರಲ್ಲಿ 49 ಇದ್ದದ್ದು 2022ರಲ್ಲಿ 37 ಆಯ್ತು. ಒಂದೊಂದು ಗಣತಿಯ ವಿಧಾನ ಒಂದೊಂದು, ಈ ಅಂಕಿಗಳನ್ನ ಹಿಂದಿನದರ ಪಕ್ಕ ಇಟ್ಟು ಕೂಡಿ ಕಳೆಯೋಕೆ ಬರಲ್ಲ. ಬಂಡೀಪುರದ ಕಡೆಗೋ ಸತ್ಯಮಂಗಲದ ಕಡೆಗೋ ಹುಲಿ ದಾಟುತ್ತೆ, ಅದಕ್ಕೆ ಗಡಿ ಗೊತ್ತಿಲ್ಲ. ಹುಲಿ ಹೆಚ್ಚಾಗೋದಕ್ಕೂ ಕಮ್ಮಿ ಆಗೋದಕ್ಕೂ ನೂರು ಕಾರಣ. ಇದೆಲ್ಲ ನಿಜ. ಆದರೆ ಸಂಖ್ಯೆ ಏರಿದಾಗ ಈ ನೂರು ಕಾರಣ ನಮಗೆ ನೆನಪಾಗಲಿಲ್ಲವಲ್ಲ? 35 ಮತ್ತು 68 ಹಂಚಿದವರು 49 ಮತ್ತು 37 ಹಂಚಿದ್ದನ್ನ ನಾನಂತೂ ನೋಡಲಿಲ್ಲ. ಏರಿದಾಗ ಸೋಲಿಗರಿಂದ, ಇಳಿದಾಗ ನೂರು ಕಾರಣದಿಂದ ಅನ್ನೋ ವಾದ ಎದುರಾಳಿ ವಕೀಲನ ಮುಂದೆ ಐದು ನಿಮಿಷ ನಿಲ್ಲಲ್ಲ.

ಇನ್ನೂ ಕಠಿಣವಾದ ಪರೀಕ್ಷೆ 2025ರ ಜೂನ್‌ನಲ್ಲಿ ಬಂತು. ಬೆಟ್ಟದ ಆ ಕಡೆ, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿ ಸತ್ತುಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಸುದ್ದಿ ದೇಶವೆಲ್ಲ ಹಬ್ಬಿತು. ತಪ್ಪು ಮಾಡಿದವರು ಯಾರು ಅನ್ನೋದನ್ನ ನ್ಯಾಯಾಲಯ ನೋಡಿಕೊಳ್ಳುತ್ತೆ. ನನ್ನ ಗಮನ ಹೋದದ್ದು ನನ್ನ ಫೋನಿಗೆ ಬಂದ ಮಾತುಗಳ ಕಡೆ. 'ಕಾಡಿನ ಜನ ಹುಲಿ ಕಾಯ್ತಾರೆ ಅಂತಿದ್ರಲ್ಲ, ನೋಡಿ' ಅಂತ. ಯಾರೋ ಕೆಲವರ ಕೃತ್ಯಕ್ಕೆ ಬೆಟ್ಟದ ಮೇಲಿರೋ, ಕೆಳಗಿರೋ, ಸೋಲಿಗರು, ಬೇಡಗಂಪಣರು, ದನ ಸಾಕೋರು ಎಲ್ಲ ಒಂದೇ ಸಾಲಲ್ಲಿ ಕಟಕಟೆ ಹತ್ತಿದರು. ಜಯನಗರದಲ್ಲಿ ಒಬ್ಬ ಕೊಲೆ ಮಾಡಿದ್ರೆ ಜಯನಗರದವರ ಸೈಟು ಖಾತೆಯ ಬಗ್ಗೆ ಚರ್ಚೆ ಶುರುವಾಗಲ್ಲ. ಅವರಿಗೆ ಯಾರ ಜಾಮೀನೂ ಬೇಕಾಗಿಲ್ಲ ನೋಡಿ, ಅದಕ್ಕೆ.

ಈಗ ಒಂದು ಸ್ವಾರಸ್ಯದ ವಿಷಯ. 2011ರ ಅಕ್ಟೋಬರ್‌ನಲ್ಲಿ, ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾದ ಅದೇ ವರ್ಷ, ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದ ದೇಶದ ಮೊದಲಿಗರು ಅಂತ ಸೋಲಿಗರ ಹೆಸರು ಬಂತು. ಆ ಹಕ್ಕನ್ನ ಗೆದ್ದದ್ದು ಹುಲಿ ಲೆಕ್ಕ ಕೊಟ್ಟಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯನ್ನ ತೆಗೆದು ಓದಿ. ಪೀಠಿಕೆಯಲ್ಲೇ ಐತಿಹಾಸಿಕ ಅನ್ಯಾಯ ಅನ್ನೋ ಮಾತಿದೆ. ಕಾಡಿನ ಜನರ ಹಕ್ಕುಗಳನ್ನ ದಾಖಲು ಮಾಡದೇ ಬಿಟ್ಟದ್ದರಿಂದ ಅವರಿಗೆ ಅನ್ಯಾಯವಾಗಿದೆ ಅಂತ ಪಾರ್ಲಿಮೆಂಟೇ ಒಪ್ಪಿಕೊಂಡಿದೆ. ಅಂದ್ರೆ ಕಾನೂನು ಹೊಸದಾಗಿ ಏನೋ ದಾನ ಕೊಡ್ತಿಲ್ಲ, ಇದ್ದದ್ದನ್ನ ಬರೆದುಕೊಳ್ತಿದೆ. ಪುರಾವೆ ಏನು ಕೊಡಬೇಕು ಅಂತ ನಿಯಮಗಳಲ್ಲಿ ಒಂದು ಪಟ್ಟಿ ಇದೆ. ಸರ್ಕಾರಿ ದಾಖಲೆ ಇದ್ದರೆ ಅದು. ಮನೆ, ಗುಡಿಸಲು, ಬಾವಿ, ಸಮಾಧಿ, ದೇವರ ಜಾಗ ಇವೂ ಪುರಾವೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನ ಬರೆದುಕೊಂಡರೆ ಅದೂ ಪುರಾವೆ. ಕಾಡು, ವನ್ಯಜೀವಿ ಕಾಪಾಡೋ ಮಾತು ಕಾಯ್ದೆಯಲ್ಲಿ ಇದೆ, ಆದರೆ ಅದನ್ನ ಗ್ರಾಮಸಭೆಯ ಅಧಿಕಾರ ಮತ್ತು ಹೊಣೆ ಅಂತ ಬರೆದಿದ್ದಾರೆ. ಇಷ್ಟು ಹುಲಿ ತೋರಿಸಿದರೆ ಇಷ್ಟು ಹಕ್ಕು ಅನ್ನೋ ಕಾಲಂ ಯಾವ ಅರ್ಜಿ ನಮೂನೆಯಲ್ಲೂ ಇಲ್ಲ.

ಸೋಲಿಗರು ಅದಕ್ಕೆ ಸರಿಯಾಗೇ ತಯಾರಾಗಿದ್ದರು. ಅವರ ಲೆಕ್ಕದಲ್ಲಿ ಕಾಡು ಅನ್ನೋದು ಕುಲಕುಲಗಳ 'ಎಲ್ಲೆ'ಗಳಾಗಿ ಹಂಚಿಕೊಂಡಿದೆ. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಕಲ್ಲುಗುಡಿ ಅಂದ್ರೆ ಹಿರಿಯರ ಸಮಾಧಿ, ಅಬ್ಬಿ ಅಂದ್ರೆ ನೀರಿನ ತಾಣ. ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಹಿರಿಯರು ಕಾಡು ಸುತ್ತಿ, ಈ ಜಾಗಗಳನ್ನೆಲ್ಲ ಜಿಪಿಎಸ್‌ನಲ್ಲಿ ಗುರುತು ಮಾಡಿ ನಕ್ಷೆ ಮಾಡಿದರು. ಸರ್ಕಾರದ ನಕ್ಷೆಯಲ್ಲಿ ಕಂಪಾರ್ಟ್‌ಮೆಂಟ್ ನಂಬರ್ ಇದ್ದ ಕಡೆ ಇವರ ನಕ್ಷೆಯಲ್ಲಿ ಹೆಸರುಗಳಿದ್ದವು. ಸೋಲಿಗ ಅಭಿವೃದ್ಧಿ ಸಂಘದವರು ಪೋಡು ಪೋಡಿಗೆ ಓಡಾಡಿ ಗ್ರಾಮಸಭೆ ಕರೆದು, ಅರ್ಜಿ ತುಂಬಿ, ಕಚೇರಿಗೆ ಅಲೆದರು.

ನನ್ನ ಮಟ್ಟಿಗೆ ಆ ನಕ್ಷೆ ನಮ್ಮ ಜಿಲ್ಲೆ ಕಂಡ ಅತ್ಯುತ್ತಮ ಹೋರಾಟದ ಮೆಸೇಜ್. 'ನಾವಿದ್ರೆ ನಿಮಗೇನು ಲಾಭ' ಅನ್ನೋ ಮಾತೇ ಅದರಲ್ಲಿಲ್ಲ. 'ಇದು ನಮ್ಮ ಅಜ್ಜನ ಸಮಾಧಿ, ಇದು ನಾವು ನೀರು ಕುಡಿದ ಜಾಗ' ಅಷ್ಟೇ ಅದರ ಮಾತು. ಹುಲಿ ಎಷ್ಟೇ ಆದರೂ ಆ ನಕ್ಷೆಯ ಒಂದು ಚುಕ್ಕಿಯೂ ಅಳಿಸಲ್ಲ. ಆದರೆ ಟೀ ಶರ್ಟ್ ಮೇಲೆ ಬಂದದ್ದು ಹುಲಿ. ನಕ್ಷೆ ಪ್ರಬಂಧಗಳಲ್ಲಿ, ಫೈಲ್‌ಗಳಲ್ಲಿ ಉಳೀತು. ನನ್ನ ಗೆಳೆಯ ಒಂದ್ಸಲ ಬೇಜಾರಿಲ್ಲದೇ, ಹವಾಮಾನ ಹೇಳೋ ಥರ ಹೇಳಿದ: 'ಬಂದವ್ರೆಲ್ಲ ಹುಲಿ ಬಗ್ಗೆ ಕೇಳ್ತರೆ. ನಮ್ ಹುಡುಗ್ರು ಓದಿ ಎಲ್ಲಿ ಕೆಲ್ಸ ಮಾಡ್ತವ್ರೆ ಅಂತ ಯಾರೂ ಕೇಳದಿಲ್ಲ.'

ಇದು ಕಾಡಿನ ಕಥೆ ಮಾತ್ರ ಅಂದುಕೊಂಡು ಪುಟ ತಿರುಗಿಸಬೇಡಿ. ನಮ್ಮ ಏಸಿ ಆಫೀಸುಗಳಲ್ಲೂ ಇದೇ ವಾಕ್ಯ ಇದೆ. ಮಹಿಳೆಯರನ್ನ, ಹಿಂದುಳಿದ ಹಿನ್ನೆಲೆಯವರನ್ನ ಯಾಕೆ ಕೆಲಸಕ್ಕೆ ತಗೋಬೇಕು ಅಂತ ಪ್ರೆಸೆಂಟೇಷನ್ ಇರುತ್ತಲ್ಲ, ಅದರ ಮೊದಲ ಸ್ಲೈಡ್ ನೆನಪು ಮಾಡ್ಕೊಳ್ಳಿ. 'ವೈವಿಧ್ಯ ಇರೋ ಟೀಮುಗಳು ಹೆಚ್ಚು ಲಾಭ ತರ್ತವೆ.' 2015ರಲ್ಲಿ ಮೆಕಿನ್ಸಿ ಇಂಥ ಒಂದು ವರದಿ ಬಿಟ್ಟ ಮೇಲಂತೂ ಆ ಬಾರ್ ಚಾರ್ಟ್ ಇಲ್ಲದ ಸ್ಲೈಡೇ ಇಲ್ಲ. ಸದುದ್ದೇಶದ ಎಚ್ಚಾರ್‌ನವರು ಮ್ಯಾನೇಜ್‌ಮೆಂಟನ್ನ ಒಪ್ಪಿಸೋಕೆ ಹೂಡಿದ ಉಪಾಯ ಅದು. ಒಪ್ಪಿಸಿಯೂ ಒಪ್ಪಿಸಿದರು. ಆಮೇಲೆ 2025ರಲ್ಲಿ ಅಮೆರಿಕದಲ್ಲಿ ರಾಜಕೀಯದ ಗಾಳಿ ತಿರುಗಿತು. ದೊಡ್ಡ ದೊಡ್ಡ ಕಂಪನಿಗಳು ಒಂದರ ಹಿಂದೆ ಒಂದು ಆ ಕಾರ್ಯಕ್ರಮಗಳನ್ನ ಮಡಚಿಟ್ಟವು. ಅವರನ್ನ ಬೈಯೋಕೆ ನಮ್ಮ ಹತ್ರ ಮಾತೇ ಇರಲಿಲ್ಲ, ಯಾಕಂದ್ರೆ ಒಪ್ಪಂದ ಇದ್ದದ್ದು ಲಾಭದ ಮೇಲೆ. ಲಾಭ ಕಾಣದಿದ್ರೆ ನಿಲ್ಲಿಸ್ತಾರೆ. ನ್ಯಾಯ ಅನ್ನೋ ಪದವನ್ನ ಸ್ಲೈಡಿನಿಂದ ತೆಗೆದಿದ್ದು ನಾವೇ ತಾನೆ?

ಇನ್ನೂ ಹತ್ತಿರದ ಉದಾಹರಣೆ ನಮ್ಮ ಬೀದಿಯ ಪೌರಕಾರ್ಮಿಕರು. 2020ರಲ್ಲಿ ಕೋವಿಡ್ ಬಂದಾಗ ಅವರ ಮೇಲೆ ಹೂ ಸುರಿದೆವು, ವಾರಿಯರ್ಸ್ ಅಂದೆವು. ಅವರಿಂದ ನಮಗೆ ಎಷ್ಟು ಉಪಕಾರ ಅನ್ನೋದು ಅಷ್ಟು ಸ್ಪಷ್ಟವಾಗಿ ಬೇರೆ ಯಾವಾಗಲೂ ಕಂಡಿರಲಿಲ್ಲ. ಆದರೂ ಕೆಲಸ ಕಾಯಂ ಮಾಡಿ ಅಂತ 2022ರ ಜುಲೈನಲ್ಲಿ ಕೆಲಸ ನಿಲ್ಲಿಸಿ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಯ್ತು. ಕಾಯಂ ಮಾಡೋ ಭರವಸೆ ಸರ್ಕಾರದಿಂದ ಬಂದದ್ದು ಆ ಮುಷ್ಕರದ ಮೇಲೆ. ಹೂವಿನಿಂದ ಕಾಯಂ ಆದೇಶ ಹುಟ್ಟಲಿಲ್ಲ.

ಇಲ್ಲಿ ಒಬ್ಬ ಬುದ್ಧಿವಂತ ಓದುಗ ತಡೆಯಬಹುದು: 'ನಿಮ್ಮದು ಮಡಿವಂತಿಕೆ ಆಯ್ತು ಸ್ವಾಮಿ. ಕೇಳುಗನಿಗೆ ಹುಲಿ ಇಷ್ಟ, ಹುಲಿಯಿಂದಲೇ ಶುರು ಮಾಡಿದ್ರೆ ತಪ್ಪೇನು? ಸೋತು ಶುದ್ಧವಾಗಿರೋದಕ್ಕಿಂತ ಗೆಲ್ಲೋದು ಮೇಲಲ್ವಾ?'

ಒಳ್ಳೇ ಪ್ರಶ್ನೆ, ಅರ್ಧ ಒಪ್ಪುತ್ತೇನೆ. ಎಬ್ಬಿಸೋಕೆ ಬಂದವರು ಬಾಗಿಲಲ್ಲಿ ನಿಂತಾಗ ಕೈಗೆ ಸಿಕ್ಕಿದ ಮಾತನ್ನ ಆಡಲೇಬೇಕು. ಹುಲಿಯ ಮಾತಾಡಿದ ಸೋಲಿಗರ ಮೇಲೆ ನನ್ನ ತಕರಾರಿಲ್ಲ. ಕಾಡಿನ ಬಗ್ಗೆ ಅವರಿಗಿರೋ ತಿಳಿವಳಿಕೆ ಹೇಳಲೇಬೇಕಾದ ವಿಷಯ ಕೂಡ. ತರಗು ಬೆಂಕಿ ನಿಂತ ಮೇಲೆ ಲಂಟಾನ ಹೇಗೆ ಕಾಡು ತುಂಬಿತು ಅಂತ ಹಿರಿಯ ಸೋಲಿಗರು ಹೇಳ್ತಾ ಬಂದದ್ದನ್ನ ವಿಜ್ಞಾನಿಗಳು ಆಮೇಲೆ ಕಿವಿಗೊಟ್ಟು ಅಧ್ಯಯನ ಮಾಡಿದರು. ಆದರೆ ಅದನ್ನ ಯಾವ ಜಾಗದಲ್ಲಿ ನಿಂತು ಹೇಳ್ತೀವಿ ಅನ್ನೋದರಲ್ಲಿ ಎಲ್ಲ ವ್ಯತ್ಯಾಸ ಇದೆ. 'ಈ ಕಾಡಿನ ಆಡಳಿತದಲ್ಲಿ ನನ್ನ ಮಾತು ನಡೀಬೇಕು, ಯಾಕಂದ್ರೆ ನನಗೆ ಗೊತ್ತು' ಅನ್ನೋದು ಮನೆ ಯಜಮಾನ ಆಡೋ ಮಾತು. 'ನನ್ನನ್ನ ಇಲ್ಲಿರೋಕೆ ಬಿಡಿ, ನಾನು ಉಪಯೋಗಕ್ಕೆ ಬರ್ತೀನಿ' ಅನ್ನೋದು ಬಾಡಿಗೆದಾರ ಆಡೋ ಮಾತು. ತಿಳಿವಳಿಕೆ ಎರಡರಲ್ಲೂ ಅದೇ. ನಗರದ ಬೆಂಬಲಿಗರಾದ ನಾವು ಸೋಲಿಗರನ್ನ ಎರಡನೇ ವಾಕ್ಯದಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೀತಿದ್ದೀವಿ.

ಹಾಗಾದ್ರೆ ಕೇಳುಗನ ಲಾಭ ಹೇಳದೆಯೂ ಕೇಳುಗನನ್ನ ಮುಟ್ಟೋ ಮಾತು ಸಾಧ್ಯವಾ? ಸಾಧ್ಯ. ಅದಕ್ಕೆ ಉದಾಹರಣೆಯೂ ನಮ್ಮ ಸೀಮೆಯಲ್ಲೇ ಇದೆ. ಬೆಟ್ಟ ಇಳಿದು ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿಗೆ ಬನ್ನಿ.

ಮಂಟೇಸ್ವಾಮಿ ಪರಂಪರೆಯ ಸಿದ್ದಪ್ಪಾಜಿಯ ಜಾತ್ರೆ ಅಲ್ಲಿ ಪ್ರತಿ ಜನವರಿಯ ಹುಣ್ಣಿಮೆಗೆ ಚಂದ್ರಮಂಡಲದಿಂದ ಶುರುವಾಗಿ ಐದು ದಿನ ನಡೆಯುತ್ತೆ. ನಾಲ್ಕನೇ ದಿನ ಪಂಕ್ತಿಸೇವೆ. ಹಲವು ಜಾತಿಯ ಜನ ಬಯಲಲ್ಲಿ ಬಿಡಾರ ಹೂಡಿ, ಆಡು, ಕೋಳಿ ಅಡುಗೆ ಮಾಡಿ, ನೆಂಟರನ್ನ, ಪಕ್ಕದ ಬಿಡಾರದವರನ್ನ, ದಾರಿಹೋಕರನ್ನ ಸಾಲಾಗಿ ಕೂರಿಸಿ ಬಡಿಸೋ ದಿನ. ನಮ್ಮ ರಾಜ್ಯದಲ್ಲಿ 1959ರ ಪ್ರಾಣಿಬಲಿ ಪ್ರತಿಬಂಧಕ ಕಾಯ್ದೆ ಇದೆ. ದೇವರನ್ನ ಒಲಿಸೋ ಉದ್ದೇಶದಿಂದ ಪ್ರಾಣಿ ಕೊಲ್ಲೋದು ಬಲಿ, ಅದು ಪೂಜಾಸ್ಥಳದಲ್ಲಿ, ಅದರ ಆವರಣದಲ್ಲಿ ಅಪರಾಧ ಅನ್ನುತ್ತೆ ಕಾಯ್ದೆ. ಕಳೆದ ದಶಕದಲ್ಲಿ ಇದರ ಹೆಸರಲ್ಲಿ ಜಾತ್ರೆಗೆ ನಿರ್ಬಂಧ ಬಂತು. ಚೆಕ್‌ಪೋಸ್ಟ್ ಹಾಕಿ ಆಡು ಕೋಳಿ ತರೋರನ್ನ ತಡೆದರು. ಪ್ರಾಣಿದಯೆಯ ಪರ ಇರೋರ ಮೆಸೇಜೂ ಬಲವಾಗಿಯೇ ಇತ್ತು. ಕಟ್ಟಿಹಾಕಿದ ಆಡಿನ ಕಣ್ಣಿನ ಫೋಟೋ ಮುಂದೆ ಯಾವ ವಾದವೂ ಸುಲಭವಲ್ಲ, ಅದನ್ನ ನಾನು ಹಗುರ ಮಾಡಲ್ಲ.

ಜಾತ್ರೆಯ ಪರ ನಿಂತವರಿಗೆ ಆಗ ಬಾಡಿಗೆದಾರನ ವಾದ ಬೇಕಾದಷ್ಟು ಸಿಗ್ತಿತ್ತು. ಜಾತ್ರೆಯಿಂದ ಆಡು ಸಾಕೋ ರೈತರಿಗೆ ಆದಾಯ, ಅಂಗಡಿಯವರಿಗೆ ವ್ಯಾಪಾರ, ಪ್ರವಾಸೋದ್ಯಮ ಅಂತ. ಹಾಗೆ ಹೇಳಿದ್ದಿದ್ರೆ ಸರ್ಕಾರ ಪರಿಹಾರ ಕೊಟ್ಟು ಮುಗಿಸಬಹುದಿತ್ತು. ಅವರು ಗಟ್ಟಿಯಾಗಿ ಹಿಡಿದದ್ದು ಒಂದು ಪದ. ಇದು ಬಲಿ ಅಲ್ಲ, ಪಂಕ್ತಿ. ನಮ್ಮ ಚಿಕ್ಕವ್ವನ ಬಾಯಲ್ಲಿ ಅದು ಹೀಗೆ ಬರುತ್ತೆ: 'ಬಲೀನೂ ಇಲ್ಲ ಗಿಲೀನೂ ಇಲ್ಲ ಕನ ಮೊಗ. ಬಂದವ್ರಿಗೆ ಅಟ್ಟು ಇಕ್ಕದು, ಅಷ್ಟೆಯ.'

ಆ ಪದದ ಕೆಲಸ ನೋಡಿ. ಬಲಿ ಅಂದ ತಕ್ಷಣ ಕಣ್ಣು ಹೋಗೋದು ಆಡಿನ ಮೇಲೆ, ಕತ್ತಿಯ ಮೇಲೆ. ಪಂಕ್ತಿ ಅಂದ ತಕ್ಷಣ ಹೋಗೋದು ಸಾಲಲ್ಲಿ ಕೂತ ಜನರ ಮೇಲೆ. ಪಂಕ್ತಿಭೇದ ಅನ್ನೋ ಪದ ಗೊತ್ತಿರೋ ಕನ್ನಡಿಗನಿಗೆ ಯಾರ ಪಕ್ಕ ಯಾರು ಕೂತು ಉಂಡರು ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಾನೂನಿಗೆ ಕೊಡಬೇಕಾದ ಉತ್ತರವೂ ಅದೇ ಪದದೊಳಗಿತ್ತು: ಇದು ದೇವರಿಗಲ್ಲ, ಜನಕ್ಕೆ. ಆ ಪದವನ್ನ ಯಾವ ಏಜೆನ್ಸಿಯೂ ಕೂತು ಬರೆಯಲಿಲ್ಲ. ಜಾತ್ರೆಯಲ್ಲಿ ಮೊದಲಿಂದ ಇದ್ದ ಹೆಸರೇ ಅದು. ಊರಿಗೆ ವಾಪಸ್ ಬಂದ ಮೇಲೆ ಆ ಸಾಲು ಎಲ್ಲ ಕಡೆ ಉಳಿಯಲ್ಲ ಅನ್ನೋದೂ ನಿಜ. ಮದುವೆಮನೆ ಊಟದಲ್ಲಿ ಯಾರು ಎಲ್ಲಿ ಕೂರ್ತಾರೆ ಅಂತ ನಮ್ಮೂರಿನವರಿಗೆ ಚೆನ್ನಾಗಿ ಗೊತ್ತು. ಆದರೆ ಈ ಮೆಸೇಜಿಗೆ ಆ ಗುಣವೂ ಇದೆ. ಅಧಿಕಾರಿಗೆ ಹೇಳಿದ ಮಾತೇ ಹೇಳಿದವರ ಕಡೆಗೂ ತಿರುಗುತ್ತೆ, ಜಾತ್ರೆಯ ಪಂಕ್ತಿ ಊರಲ್ಲಿ ಯಾಕಿಲ್ಲ ಅಂತ ಕೇಳುತ್ತೆ. ಹುಲಿ ವಾಕ್ಯ ಯಾರನ್ನೂ ಏನನ್ನೂ ಕೇಳಲ್ಲ.

ಕೊಳ್ಳೇಗಾಲದ ಸುತ್ತ ಯಾವ ಊರಿನ ಬೀದಿಗೆ ಹೋದರೂ ಅಂಬೇಡ್ಕರ್ ಬೋರ್ಡ್ ಇರುತ್ತೆ, ಅದರಲ್ಲಿ ಶಿಕ್ಷಣ, ಸಂಘಟನೆ, ಹೋರಾಟ ಅನ್ನೋ ಮೂರು ಪದ. 1942ರಲ್ಲಿ ನಾಗಪುರದ ಸಮ್ಮೇಳನದಲ್ಲಿ ಅಂಬೇಡ್ಕರ್ ತಮ್ಮವರಿಗೆ ಕೊಟ್ಟ ಕರೆ. ಆ ಮೂರು ಪದದಲ್ಲಿ ಎದುರಿನವರಿಗೆ ಕೊಟ್ಟ ಆಶ್ವಾಸನೆ ಒಂದೂ ಇಲ್ಲ. ನಾವು ಓದಿದ್ರೆ ದೇಶದ ಜಿಡಿಪಿ ಏರುತ್ತೆ ಅಂತ ಹೇಳಿಲ್ಲ. ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಯಲ್ಲಿ ಹೆಂಡ ಬೇಡ, ಭೂಮಿ ಬೇಕು, ವಸತಿಶಾಲೆ ಬೇಕು ಅನ್ನೋ ಅರ್ಥದ ಕೂಗು ಹಾಕಿದಾಗಲೂ ಹಾಗೇ. ಮೊದಲ ಅರ್ಧ ತಮ್ಮವರಿಗೆ, ಉಳಿದರ್ಧ ಸರ್ಕಾರಕ್ಕೆ. ನೋಡ್ತಾ ನಿಂತವರನ್ನ ಖುಷಿಪಡಿಸೋ ಗೊಡವೆಗೆ ಅವರು ಹೋಗಲಿಲ್ಲ. ಇವತ್ತಿನ ಹೋರಾಟದ ಮೆಸೇಜ್‌ಗಳು ಹೆಚ್ಚಾಗಿ ತಯಾರಾಗೋದು ಆ ನೋಡ್ತಾ ನಿಂತವರಿಗಾಗಿ, ಅಂದ್ರೆ ನನಗೆ, ನಿಮಗೆ. ಶೇರ್ ಮಾಡೋರು ನಾವು, ದೇಣಿಗೆ ಕೊಡೋರು ನಾವು. ಹಾಗಾಗಿ ನಮ್ಮ ರುಚಿಗೆ ತಕ್ಕಂತೆ ಉಪ್ಪು ಖಾರ ಬೀಳುತ್ತೆ. ತಪ್ಪು ಅಡುಗೆಯವರದು ಮಾತ್ರ ಅಲ್ಲ.

ಹಾಗಾಗಿ ಒಂದು ಸಣ್ಣ ಅಭ್ಯಾಸ ಸೂಚಿಸ್ತೀನಿ. ಯಾರದೋ ಹಕ್ಕಿನ ಪರವಾದ ಮೆಸೇಜ್ ಕೈಗೆ ಬಂದಾಗ, ಫಾರ್ವರ್ಡ್ ಮಾಡೋ ಮುಂಚೆ ಅದನ್ನ ತಿರುಗಿಸಿ ಓದಿ. 'ಹುಲಿ ಜಾಸ್ತಿ ಆಗಿದೆ, ಹಾಗಾಗಿ ಸೋಲಿಗರು ಇರಲಿ' ಅನ್ನೋದು 'ಹುಲಿ ಕಮ್ಮಿ ಆದ್ರೆ ಸೋಲಿಗರು ಹೋಗಲಿ' ಅಂತ ಆಗುತ್ತೆ. 'ಮೀಸಲಾತಿಯಲ್ಲಿ ಬಂದವರು ಎಷ್ಟು ಒಳ್ಳೇ ಡಾಕ್ಟರ್ ಆಗಿದ್ದಾರೆ ನೋಡಿ' ಅನ್ನೋದನ್ನ ತಿರುಗಿಸಿದರೆ ಮೀಸಲಾತಿಯಲ್ಲಿ ಬಂದ ಒಬ್ಬ ಸಾಧಾರಣ ಡಾಕ್ಟರ್ ಮಾಡೋ ಒಂದು ತಪ್ಪಿಗೂ ಇಡೀ ಮೀಸಲಾತಿ ಜವಾಬ್ದಾರಿ ಅಂತ ಆಗುತ್ತೆ. ಸಾಧಾರಣವಾಗಿರೋ ಸ್ವಾತಂತ್ರ್ಯ ಉಳಿದವರಿಗೆಲ್ಲ ಇದೆ, ಇವರಿಗೆ ಮಾತ್ರ ಇಲ್ಲ. ತಿರುಗಿಸಿದಾಗ ಭಯ ಹುಟ್ಟಿಸೋ ಮೆಸೇಜನ್ನ ಹಂಚಲೇಬಾರದು ಅಂತಲ್ಲ. ಮೇಲೆ ಒಂದು ಸಾಲು ಸೇರಿಸಿ ಹಂಚಿ: ಇದು ಅವರ ಹಕ್ಕು, ಕಾನೂನೂ ಹಾಗೇ ಹೇಳುತ್ತೆ. ಅದಾದ ಮೇಲೆ ಹುಲಿ ಬೇಕಾದ್ರೆ ಬರಲಿ.

ಬೆಟ್ಟದ 25 ಗ್ರಾಮಸಭೆಗಳ ಅರ್ಜಿಗೆ ಸಾಕ್ಷಿ ಹೇಳಿದ ಹಿರಿಯರಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬರ್ತಿರಲಿಲ್ಲ. ಎಲ್ಲಿ ಹುಟ್ಟಿದೆ, ಯಾರನ್ನ ಎಲ್ಲಿ ಮಣ್ಣು ಮಾಡಿದೆ, ಯಾವ ಅಬ್ಬಿಯ ನೀರು ಕುಡಿದೆ ಅಂತ ಹೇಳಿದರು, ಬರೆದುಕೊಂಡರು, ಅಷ್ಟು ಸಾಕಾಯ್ತು. ಹುಲಿ ಎಣಿಸಿಕೊಂಡು ಬನ್ನಿ ಅಂತ ಆ ಅರ್ಜಿ ನಮೂನೆ ಅವರನ್ನ ಕೇಳಲಿಲ್ಲ. ನಾವೂ ಕೇಳೋದು ಬೇಡ.